ಅಪ್ಪ ರಟ್ಟಿನ ಮೇಲೆ ‘ಸಾಕು’ ಅಂತ ತೋರಿಸಿದಾಗ

ಪ್ರಶ್ನೆ: ಡಾಕ್ಟ್ರೇ, ನಾವು ಸೋಮವಾರಪೇಟೆ ತಾಲೂಕಿನವರು. ಅಪ್ಪನಿಗೆ 74 ವರ್ಷ. ಸೇನೆಯಲ್ಲಿ ಇದ್ದು ಬಂದವರು, ಆಮೇಲೆ ತೋಟ ನೋಡಿಕೊಂಡರು. ಎರಡು ವರ್ಷದಿಂದ ಮೋಟಾರ್ ನ್ಯೂರಾನ್ ಕಾಯಿಲೆ, ಮೈ ಆಡಿಸುವ ನರಗಳು ಸೋಲುತ್ತಾ ಹೋಗುವ ಕಾಯಿಲೆ. ಎಡಗೈಯ ಎರಡು ಬೆರಳು ಬಿಟ್ಟರೆ ಬೇರೇನೂ ಆಡುವುದಿಲ್ಲ. ಮಾತು ಹೋಗಿದೆ. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು. ರಟ್ಟಿನ ಮೇಲೆ ಅಕ್ಷರ ಬರೆದು ಕೊಟ್ಟಿದ್ದೇವೆ, ಬೆರಳಿಟ್ಟು ತೋರಿಸುತ್ತಾರೆ. ಮೊನ್ನೆ ‘ಸಾಕು, ಕಳಿಸಿಕೊಡಿ’ ಅಂತ ತೋರಿಸಿದರು. ಬೆಂಗಳೂರಿನಲ್ಲಿರುವ ಅಣ್ಣ, ಕರ್ನಾಟಕದಲ್ಲಿ ಈಗ ದಯಾಮರಣಕ್ಕೆ ಅವಕಾಶ ಇದೆಯಲ್ಲ, ಕೇಳಿ ನೋಡು ಅಂತಾನೆ. ಅತ್ತೆ, ಅಂಥ ಮಾತು ಆಡಿದರೂ ಪಾಪ, ನಾವು ಪೂಜಿಸುವ ಮನೆತನದ ಹಿರಿಯರು, ಗುರುಕಾರಣರು, ಕ್ಷಮಿಸುವುದಿಲ್ಲ ಅಂತಾರೆ. ನನಗೆ ತಿಳಿಯಬೇಕಾದದ್ದು ಇಷ್ಟು. ಇದು ತಪ್ಪಲ್ಲ ಅಂದರೆ ಸರ್ಕಾರ ಯಾಕೆ ತಡೆಯುತ್ತದೆ? ತಪ್ಪು ಅಂದರೆ ವೆಂಟಿಲೇಟರ್ ತೆಗೆಯಲು ಯಾಕೆ ಬಿಡುತ್ತದೆ?

ಉತ್ತರ: ನಿಮ್ಮ ಅಣ್ಣ ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಅಂದುಕೊಂಡಿದ್ದಾರೆ. ಅದನ್ನು ಮೊದಲು ಬಿಡಿಸಿಬಿಡೋಣ.

ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಹೊರಡಿಸಿದ್ದು ಒಂದು ಸುತ್ತೋಲೆ. ಅದು ಹೊಸ ಹಕ್ಕನ್ನು ಕೊಟ್ಟಿಲ್ಲ. ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟ ತೀರ್ಪನ್ನು ನಮ್ಮ ಆಸ್ಪತ್ರೆಗಳಲ್ಲಿ ಹೇಗೆ ನಡೆಸಬೇಕು ಅಂತ ಹೇಳಿತು, ಅಷ್ಟೇ. ಗುಣವಾಗುವ ಆಸೆಯೇ ಇಲ್ಲದ ರೋಗಿಯನ್ನು ಬರೀ ಯಂತ್ರದ ಬಲದಿಂದ ಉಳಿಸಿಕೊಂಡಿದ್ದರೆ, ಆ ಯಂತ್ರ ನಿಲ್ಲಿಸಬಹುದು, ಅಥವಾ ಹಾಕದೇ ಇರಬಹುದು. ಇಂಜೆಕ್ಷನ್ ಕೊಟ್ಟು ಜೀವ ತೆಗೆಯುವುದು, ಸಾಯುವುದಕ್ಕೆ ಮದ್ದು ಬರೆದು ಕೊಡುವುದು, ಇವೆರಡೂ ಇಡೀ ಭಾರತದಲ್ಲಿ ಇವತ್ತಿಗೂ ಅಪರಾಧ. ರೋಗಿ ತಾನೇ ಕೇಳಿದರೂ ಅಪರಾಧ. ಆತ್ಮಹತ್ಯೆಗೆ ನೆರವಾದರೆ ಹತ್ತು ವರ್ಷದವರೆಗೆ ಜೈಲು ಆಗಬಹುದು. ಪ್ರೀತಿಯಿಂದ ಮಾಡಿದೆ ಅಂದರೂ ಕಾನೂನು ಕೇಳುವುದಿಲ್ಲ. ಮನೆಯಲ್ಲಿ ಯಾರೂ ಆ ದಾರಿ ಯೋಚಿಸಬೇಡಿ.

ಈ ಗೆರೆ ಇಲ್ಲಿ ಬಂದು ನಿಂತದ್ದಕ್ಕೆ ಒಂದು ಕಥೆ ಇದೆ. 1973ರ ನವೆಂಬರ್‌ನಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಅರುಣಾ ಶಾನಭಾಗ್ ಅನ್ನುವ ನರ್ಸ್ ಮೇಲೆ ಅಲ್ಲಿನ ಕೆಲಸಗಾರನೊಬ್ಬ ಹಲ್ಲೆ ಮಾಡಿದ. ಅವರು ನಮ್ಮ ಉತ್ತರ ಕನ್ನಡದ ಹಳದೀಪುರದವರು. ನಾಯಿಗೆ ಕಟ್ಟುವ ಸರಪಳಿಯಿಂದ ಕುತ್ತಿಗೆ ಬಿಗಿದಿದ್ದ. ಮಿದುಳಿಗೆ ಆಮ್ಲಜನಕ ಹೋಗದೆ ಅವರು ಎಚ್ಚರವಿಲ್ಲದ ಸ್ಥಿತಿಗೆ ಹೋದರು, ಹಾಗೇ 42 ವರ್ಷ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಇದ್ದರು. ಅವರ ಪರವಾಗಿ ಪತ್ರಕರ್ತೆ ಪಿಂಕಿ ವಿರಾನಿ ಕೋರ್ಟಿಗೆ ಹೋದರು. ಆದರೆ ಕೆಇಎಂನ ನರ್ಸ್‌ಗಳು, ‘ಇವಳು ನಮ್ಮವಳು, ನಾವು ನೋಡಿಕೊಳ್ಳುತ್ತೇವೆ’ ಅಂದರು. ಅಷ್ಟು ವರ್ಷ ಹಾಸಿಗೆ ಹಿಡಿದವರ ಬೆನ್ನಿನಲ್ಲಿ ಹುಣ್ಣಾಗದಂತೆ ನೋಡಿಕೊಂಡಿದ್ದರು. ಹಾಸಿಗೆ ಹಿಡಿದವರನ್ನು ನೋಡಿಕೊಂಡವರಿಗೆ ಅದು ಎಂಥ ಕೆಲಸ ಅಂತ ಗೊತ್ತು. ನಿಮಗೂ ಗೊತ್ತು. 2011ರಲ್ಲಿ ಕೋರ್ಟ್ ಅವರ ವಿಷಯದಲ್ಲಿ ಬೇಡ ಅಂದಿತು. ಆದರೆ ಬೇರೆಯವರ ವಿಷಯದಲ್ಲಿ ಹೈಕೋರ್ಟ್ ಒಪ್ಪಿದರೆ ಚಿಕಿತ್ಸೆ ನಿಲ್ಲಿಸಬಹುದು ಅಂತ ಬಾಗಿಲು ಸ್ವಲ್ಪ ತೆರೆಯಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಮುಂದೆ ತನಗೆ ಯಾವ ಚಿಕಿತ್ಸೆ ಬೇಡ ಅನ್ನುವುದನ್ನು ಮೊದಲೇ ಬರೆದಿಡಬಹುದು ಅಂತಲೂ ಹೇಳಿತು. ಅದಕ್ಕೇ ಲಿವಿಂಗ್ ವಿಲ್ ಅನ್ನುವುದು.

ಈಗ ನಿಮ್ಮ ನಿಜವಾದ ಪ್ರಶ್ನೆ. ತಪ್ಪಲ್ಲದ್ದನ್ನು ಸರ್ಕಾರ ಯಾಕೆ ತಡೆಯಬೇಕು?

ನಾನು ಕೊಡಗಿನಲ್ಲಿ ಮೂವತ್ತು ವರ್ಷ ಡಾಕ್ಟರಾಗಿದ್ದೆ. ನಿವೃತ್ತಿಯಾದ ಮೇಲೆ ಮನೆಮನೆಗೆ ಹೋಗಿ ಕೊನೆಗಾಲದ ರೋಗಿಗಳನ್ನು ನೋಡುತ್ತೇನೆ. ಈ ಪ್ರಶ್ನೆ ನನಗೆ ಹೊಸದಲ್ಲ. ಆದರೆ ಇದರಲ್ಲಿ ಎರಡು ಪ್ರಶ್ನೆ ಇವೆ ಅಂತ ತಿಳಿಯುವುದಕ್ಕೆ ನನಗೇ ಬಹಳ ಕಾಲ ಬೇಕಾಯಿತು. ನಿಮ್ಮ ಅಪ್ಪ ಕೇಳಿದ್ದು ಸರಿಯೇ ತಪ್ಪೇ ಅನ್ನುವುದು ಒಂದು. ಅವರಿಗೆ ಬೇಕಾದದ್ದನ್ನು ಇಡೀ ರಾಜ್ಯಕ್ಕೆ ಕಾನೂನು ಮಾಡಬೇಕೇ ಬೇಡವೇ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಹೌದು ಅಂದವರು ಎರಡನೆಯದಕ್ಕೂ ಹೌದು ಅನ್ನಲೇಬೇಕು ಅಂತಿಲ್ಲ. ಮೊದಲನೆಯದಕ್ಕೆ ಅಲ್ಲ ಅಂದವರು, ಅಷ್ಟೇ ಕಾರಣಕ್ಕೆ ಬೇರೆಯವರ ಕೈ ಕಟ್ಟುವ ಹಾಗೂ ಇಲ್ಲ.

ಅತ್ತೆಯ ಮಾತಿನಿಂದಲೇ ಶುರು ಮಾಡೋಣ. ಅವರನ್ನು ಹಳೇ ಕಾಲದವರು ಅಂತ ತಳ್ಳಿಹಾಕಬೇಡಿ. ಜೀವ ನಾವು ಕೊಟ್ಟದ್ದಲ್ಲ, ತೆಗೆಯುವ ಅಧಿಕಾರವೂ ನಮಗಿಲ್ಲ ಅನ್ನುವುದು ಗಟ್ಟಿಯಾದ ಮಾತು. ವಿರಾಜಪೇಟೆಯ ಚರ್ಚಿನಲ್ಲಿ ಪಾದ್ರಿಯನ್ನು ಕೇಳಿದರೂ, ಮಸೀದಿಯಲ್ಲಿ ಮೌಲ್ವಿಯನ್ನು ಕೇಳಿದರೂ ಇದೇ ಉತ್ತರ ಸಿಗುತ್ತದೆ. ಆದರೆ ಅದೇ ಜನರನ್ನು ಇನ್ನೊಂದು ಪ್ರಶ್ನೆ ಕೇಳಿ ನೋಡಿ. ಸಾಯುವವರ ಬಾಯಿಗೆ ಪೈಪು ತುರುಕಿ ನಾಲ್ಕು ದಿನ ಎಳೆದಾಡಲೇಬೇಕಾ? ಆಗ ಉತ್ತರ ಬದಲಾಗುತ್ತದೆ. 1957ರಲ್ಲೇ ಪೋಪ್ ಹನ್ನೆರಡನೇ ಪಯಸ್ ಅರಿವಳಿಕೆ ವೈದ್ಯರ ಎದುರು ಮಾತಾಡುತ್ತಾ, ಸಾಮಾನ್ಯವಾದ ಚಿಕಿತ್ಸೆ ಕೊಡುವುದು ಕರ್ತವ್ಯ, ಮಿತಿಮೀರಿದ ಭಾರ ಹೊರಿಸುವ ಚಿಕಿತ್ಸೆ ಕರ್ತವ್ಯವಲ್ಲ ಅಂದಿದ್ದರು. ಪ್ರಯೋಜನವಿಲ್ಲದ ಯಂತ್ರ ನಿಲ್ಲಿಸಬಹುದು ಅನ್ನುವ ಇಸ್ಲಾಂ ಧರ್ಮದ ವಿದ್ವಾಂಸರೂ ಬಹಳ ಜನ ಇದ್ದಾರೆ. ಜೈನರದು ಬೇರೆಯೇ ದಾರಿ. ನಿಮ್ಮ ತಾಲೂಕಿನ ಮುಳ್ಳೂರಿನಲ್ಲೇ ಕೊಂಗಾಳ್ವರ ಕಾಲದ ಬಸದಿಗಳಿವೆ, ನೋಡಿರಬಹುದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಅನ್ನನೀರು ಬಿಟ್ಟು ಸಾವಿಗೆ ಕಾಯುವ ಸಲ್ಲೇಖನ ಕೈಗೊಂಡವರ ಶಾಸನಗಳು ಸಾಲುಸಾಲಾಗಿ ಇವೆ. ಅವರ ಪ್ರಕಾರ ಅದು ಆತ್ಮಹತ್ಯೆ ಅಲ್ಲ, ವ್ರತ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಅಪರಾಧ ಅಂದಿತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು.

ನಮ್ಮ ಮನೆಗಳಲ್ಲೂ ಒಂದು ಪದ್ಧತಿ ಇದೆಯಲ್ಲ. ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ತಂದ ತೀರ್ಥವನ್ನು ದೇವರ ಹತ್ತಿರ ಇಟ್ಟುಕೊಳ್ಳುತ್ತೇವೆ. ಹೋಗುವವರ ಬಾಯಿಗೆ ಎರಡು ಹನಿ ಬಿಡುತ್ತೇವೆ. ಅಂದರೆ ಏನು? ಇನ್ನು ಹಿಡಿದುಕೊಳ್ಳುವುದಿಲ್ಲ, ನೀವು ಹೋಗಬಹುದು ಅಂತ ಹೇಳುವ ಒಂದು ಗಳಿಗೆ ನಮ್ಮ ಹಿರಿಯರ ಲೆಕ್ಕದಲ್ಲೂ ಇತ್ತು. ಗುರುಕಾರಣರು ಕ್ಷಮಿಸುವುದಿಲ್ಲ ಅನ್ನುವ ಅತ್ತೆಗೆ ಇದನ್ನು ನೆನಪು ಮಾಡಿ.

ನನ್ನ ಅಮ್ಮನಿಗೆ ಆ ಎರಡು ಹನಿ ಸಿಗಲಿಲ್ಲ. 84 ವರ್ಷ. ಕಿಡ್ನಿ ಮೊದಲೇ ಸೋತಿತ್ತು, ಮೇಲೆ ನ್ಯುಮೋನಿಯಾ. ಜಿಲ್ಲೆಯ ಹೊರಗಿನ ಒಂದು ದೊಡ್ಡ ಆಸ್ಪತ್ರೆಯ ಐಸಿಯುನಲ್ಲಿ ಹನ್ನೊಂದು ದಿನ ವೆಂಟಿಲೇಟರ್ ಮೇಲೆ ಇದ್ದರು. ಮೂರನೇ ದಿನವೇ ನನಗೆ ಗೊತ್ತಾಗಿತ್ತು, ಇನ್ನು ಇವರು ಏಳುವುದಿಲ್ಲ ಅಂತ. ಅಲ್ಲಿನ ಡಾಕ್ಟರಿಗೂ ಗೊತ್ತಿತ್ತು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಹತ್ತನೇ ದಿನ ನನ್ನ ತಂಗಿ ಸಣ್ಣ ಬಾಟಲಿಯಲ್ಲಿ ತೀರ್ಥ ತಂದಿದ್ದಳು. ಬಾಯಿ ತುಂಬ ಪೈಪು, ಅದನ್ನು ಕೆನ್ನೆಗೆ ಸೇರಿಸಿ ಬಿಳಿ ಟೇಪು ಹಾಕಿದ್ದರು. ಹನಿ ಬಿಡಲು ಜಾಗವೇ ಇರಲಿಲ್ಲ. ಹತ್ತಿಯನ್ನು ಅದ್ದಿ ತುಟಿಯ ಅಂಚಿಗೆ ಮುಟ್ಟಿಸಲು ಹೋದಳು. ಇನ್ಫೆಕ್ಷನ್ ಆಗುತ್ತದೆ, ಬೇಡ ಅಂತ ನರ್ಸ್ ಕೈ ಹಿಡಿದುಕೊಂಡರು. ತಂಗಿ ಆ ಬಾಟಲಿಯನ್ನು ಹಾಗೇ ವಾಪಸ್ ತಂದಳು. ನಾನು ಡಾಕ್ಟರಾಗಿದ್ದೂ ಬಾಯಿ ಬಿಡಲಿಲ್ಲವಲ್ಲ ಅನ್ನುವುದು ಇವತ್ತಿಗೂ ಚುಚ್ಚುತ್ತದೆ. 2018ರ ತೀರ್ಪು ಬಂದಾಗ ಮೊದಲು ನೆನಪಾದದ್ದು ಆ ಬಿಳಿ ಟೇಪು.

ಆ ತೀರ್ಪು ಚೆನ್ನಾಗಿದೆ ಅಂತ ನಾನು ಹೇಳುವುದಕ್ಕೆ ಒಂದು ಕಾರಣ ಇದೆ. ಬೇರೆ ಬೇರೆ ದೇವರನ್ನು ನಂಬುವವರು, ಯಾವ ದೇವರನ್ನೂ ನಂಬದವರು, ಎಲ್ಲರೂ ಕಾಲೂರಿ ನಿಲ್ಲಬಹುದಾದ ಜಾಗದಲ್ಲಿ ಅದು ಗೆರೆ ಎಳೆದಿದೆ. ಇಂಜೆಕ್ಷನ್ ವಿಷಯಕ್ಕೆ ಬಂದರೆ ಅಂಥ ಜಾಗ ಇನ್ನೂ ಸಿಕ್ಕಿಲ್ಲ.

ಆದರೆ ನೀವು ಕೇಳಬಹುದು, ಎರಡರಲ್ಲೂ ಮನುಷ್ಯ ಸಾಯುತ್ತಾನೆ, ಎರಡರಲ್ಲೂ ಡಾಕ್ಟರ ಕೈ ಇದೆ, ವ್ಯತ್ಯಾಸ ಏನು ಅಂತ. ನ್ಯಾಯವಾದ ಪ್ರಶ್ನೆ. ‘ಒಂದು ಮಾಡುವುದು, ಇನ್ನೊಂದು ಸುಮ್ನೆ ಬಿಡುವುದು’ ಅಂತ ಪಾಠದಲ್ಲಿ ಹೇಳಿಕೊಡುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಾಗಿಲ್ಲ. ರಾತ್ರಿ ಯಾರೋ ಕಳ್ಳ ಬಂದು ವೆಂಟಿಲೇಟರ್ ಪ್ಲಗ್ ಕಿತ್ತರೆ ಅದು ಕೊಲೆ. ರೋಗಿಯೇ ಬೇಡ ಅಂದಿದ್ದಕ್ಕೆ ಡಾಕ್ಟರು ಅದೇ ಪ್ಲಗ್ ತೆಗೆದರೆ ಅದು ಕೊಲೆಯಲ್ಲ. ಕೈ ಮಾಡಿದ ಕೆಲಸ ಒಂದೇ. ಹಾಗಾದರೆ ವ್ಯತ್ಯಾಸ ಕೈಯಲ್ಲಿಲ್ಲ. ನನ್ನ ಮೈಮೇಲೆ ನನಗೆ ಬೇಡದ್ದನ್ನು ಮಾಡುವ ಹಕ್ಕು ಯಾರಿಗೂ ಇಲ್ಲ ಅನ್ನುವುದರಲ್ಲಿ ವ್ಯತ್ಯಾಸ ಇದೆ. ಚಿಕಿತ್ಸೆ ಬೇಡ ಅನ್ನುವುದು ‘ನನ್ನನ್ನು ಮುಟ್ಟಬೇಡಿ’ ಅನ್ನುವ ಮಾತು. ಇಂಜೆಕ್ಷನ್ ಕೊಡಿ ಅನ್ನುವುದು ‘ನೀವು ಬಂದು ಇದನ್ನು ಮಾಡಿ’ ಅನ್ನುವ ಮಾತು. ಮೊದಲನೆಯದಕ್ಕೆ ಎದುರಿಗಿರುವವರು ದೂರ ಸರಿದರೆ ಸಾಕು. ಎರಡನೆಯದಕ್ಕೆ ಇನ್ನೊಬ್ಬ ಮನುಷ್ಯ, ಒಂದು ವೃತ್ತಿ, ಒಂದು ಸರ್ಕಾರ ಸೇರಿ ಕೈಹಾಕಬೇಕು. ಕಾನೂನಿನ ಪ್ರಶ್ನೆ ಏಳುವುದು ಅಲ್ಲಿಂದ.

ಹಾಗಂತ ನಿಮ್ಮ ಅಪ್ಪ ಕೇಳಿದ್ದು ತಪ್ಪಾ? ನನ್ನ ಮಟ್ಟಿಗೆ ಅಲ್ಲ. ಬುದ್ಧಿ ನೆಟ್ಟಗಿರುವ, ಎರಡು ವರ್ಷ ಈ ಕಾಯಿಲೆಯನ್ನು ಹೊತ್ತ ಒಬ್ಬ ಹಿರಿಯ ಮನುಷ್ಯ ಸಾಕು ಅಂದರೆ ಅದನ್ನು ಪಾಪ ಅನ್ನಲು ನನ್ನಿಂದ ಆಗುವುದಿಲ್ಲ.

ಆದರೂ ಇವತ್ತು ವಿಧಾನಸಭೆಯಲ್ಲಿ ಇಂಜೆಕ್ಷನ್‌ಗೆ ಅನುಮತಿ ಕೊಡುವ ಮಸೂದೆ ಬಂದರೆ ನಾನು ಬೇಡ ಅನ್ನುತ್ತೇನೆ. ಯಾಕೆ ಅಂತ ಹೇಳಲು ನಿಮ್ಮನ್ನು ಸಿದ್ದಾಪುರದ ಕಡೆಯ ಒಂದು ಲೈನ್ ಮನೆಗೆ, ಅಂದರೆ ತೋಟದ ಕೂಲಿಯವರ ಸಾಲುಮನೆಗೆ, ಕರೆದುಕೊಂಡು ಹೋಗಬೇಕು.

ತೋಟದ ಕೆಲಸಕ್ಕೆ ಬಂದ ಹೆಂಗಸು. ಐವತ್ತು ದಾಟಿರಲಿಲ್ಲ. ಎಲೆಅಡಿಕೆ, ಹೊಗೆಸೊಪ್ಪು, ಬಾಯಿ ಕ್ಯಾನ್ಸರ್. ಮೈಸೂರಿನಲ್ಲಿ ಇನ್ನೇನೂ ಮಾಡುವ ಹಾಗಿಲ್ಲ ಅಂತ ಕಳಿಸಿದ್ದರು. ಕೆನ್ನೆಯಲ್ಲಿ ತೂತಾಗಿತ್ತು, ವಾಸನೆಗೆ ಅಕ್ಕಪಕ್ಕದವರು ಬರುತ್ತಿರಲಿಲ್ಲ. ಒಳಗಿನ ಕೋಣೆಯಲ್ಲಿ ಗೋಡೆಗೆ ತಲೆ ಒತ್ತಿಕೊಂಡು ಕೂತಿದ್ದರು. ಮಲಗಿದರೆ ನೋವು ಜಾಸ್ತಿ. ಆರು ದಿನದಿಂದ ನಿದ್ದೆ ಇಲ್ಲ. ಮಗ ನನ್ನನ್ನು ಹೊರಗೆ ಕರೆದು, ‘ಸಾರ್, ಒಂದು ಇಂಜೆಕ್ಷನ್ ಕೊಟ್ಟುಬಿಡಿ, ನಾಯಿಗಾದರೂ ಕೊಡ್ತಾರಲ್ಲ’ ಅಂದ. ಅಳುತ್ತಿದ್ದ. ತಾಯಿಯನ್ನು ಕೇಳಿದೆ. ಅವರೂ ಕೈಮುಗಿದರು. ಇಬ್ಬರ ಒಪ್ಪಿಗೆಯೂ ಇತ್ತು. ಮನಸಾರೆ ಕೊಟ್ಟ ಒಪ್ಪಿಗೆ.

ಅವರು ಅಲ್ಲಿಯವರೆಗೆ ತೆಗೆದುಕೊಂಡಿದ್ದು ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆ. ಮಾರ್ಫಿನ್ ಅನ್ನುವ ಬಲವಾದ ನೋವಿನ ಔಷಧಿಯ ಹೆಸರೇ ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಮಾತ್ರೆ ತರಿಸಿದೆ. ಪುಡಿ ಮಾಡಿ ನೀರಿನಲ್ಲಿ ಕದಡಿ ನಾಲ್ಕು ಗಂಟೆಗೊಮ್ಮೆ ಕುಡಿಸುವುದು, ಮಲಬದ್ಧತೆ ಆಗದ ಹಾಗೆ ಜೊತೆಗೊಂದು ಔಷಧಿ. ಹುಣ್ಣಿನ ವಾಸನೆಗೆ ಮೆಟ್ರೊನಿಡಜೋಲ್ ಪುಡಿ. ಮೊದಲ ರಾತ್ರಿ ಒಂಬತ್ತು ಗಂಟೆ ಮಲಗಿದರು. ನಾಲ್ಕನೇ ದಿನ ಹೋದಾಗ ಹೊರಗೆ ಬಿಸಿಲಿನಲ್ಲಿ ಕೂತಿದ್ದರು. ಬೆಲ್ಲದ ಕಾಪಿ ಬೇಕು ಅಂತ ಸನ್ನೆ ಮಾಡಿದರು. ಸೊಸೆ ಲೋಟದಲ್ಲಿ ಆರಿಸಿ, ಚಮಚದಲ್ಲಿ ಒಳ್ಳೆ ಕೆನ್ನೆಯ ಕಡೆಯಿಂದ ಸ್ವಲ್ಪ ಸ್ವಲ್ಪವೇ ಬಿಟ್ಟಳು. ಅರ್ಧ ಚೆಲ್ಲಿತು. ಇನ್ನೊಂದು ಚಮಚ ಕೇಳಿದರು. ಐದು ವಾರ ಬದುಕಿದರು. ಇಂಜೆಕ್ಷನ್ ಮಾತು ಮತ್ತೆ ಬರಲಿಲ್ಲ.

ಮಾರ್ಫಿನ್ ಸಿಗದ ಊರಿನಲ್ಲಿ ಸಾಯುವ ಇಂಜೆಕ್ಷನ್ ಸುಲಭವಾಗಿ ಸಿಕ್ಕರೆ, ಅದನ್ನು ಆಯ್ಕೆ ಅಂತ ಕರೆಯಬಹುದಾ? ನನ್ನ ಆಕ್ಷೇಪ ಇರುವುದು ಇಲ್ಲಿ. 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳಲು ಹೆದರಿದವು. ಒಂದಕ್ಕಿಂತ ಹೆಚ್ಚು ಲೈಸೆನ್ಸ್, ಲೆಕ್ಕದ ಪುಸ್ತಕ, ತಪ್ಪಾದರೆ ಕೇಸು. 2014ರಲ್ಲಿ ತಿದ್ದುಪಡಿ ಮಾಡಿ ನಿಯಮ ಸರಳ ಮಾಡಿದರು. ಆದರೆ ಆ ಮೂವತ್ತು ವರ್ಷದಲ್ಲಿ ಓದಿ ಬಂದ ಡಾಕ್ಟರುಗಳ ಕೈಗೆ ಅದನ್ನು ಬರೆಯುವ ಅಭ್ಯಾಸವೇ ಆಗಲಿಲ್ಲ. ಪಕ್ಕದ ಕೇರಳ 2008ರಲ್ಲೇ ಇಂಥ ನೋವು, ಸಂಕಟ ತಗ್ಗಿಸುವ ಆರೈಕೆಗೆ, ಅಂದರೆ ಪ್ಯಾಲಿಯೇಟಿವ್ ಕೇರ್‌ಗೆ ಸರ್ಕಾರದ ನೀತಿ ಮಾಡಿತು. ಪಂಚಾಯಿತಿಗಳೇ ನರ್ಸ್‌ಗಳನ್ನು ಮನೆಗೆ ಕಳಿಸುತ್ತವೆ. ಕುಟ್ಟದ ಗಡಿ ದಾಟಿದರೆ ವಯನಾಡು. ಅಲ್ಲಿಗೂ ಇಲ್ಲಿಗೂ ಮಣ್ಣು ಒಂದೇ, ಮಳೆ ಒಂದೇ, ತೋಟ ಒಂದೇ.

ಕಾನೂನು ಮಾಡುವವರು ಒಬ್ಬ ಧೈರ್ಯವಂತ ನಿವೃತ್ತ ಯೋಧನನ್ನು ಮಾತ್ರ ನೋಡಿ ಕಾನೂನು ಮಾಡುವ ಹಾಗಿಲ್ಲ. ಅದೇ ಕಾನೂನಿನ ಕೆಳಗೆ ಆ ಲೈನ್ ಮನೆಯ ಹೆಂಗಸೂ ಬರುತ್ತಾರೆ. ಮಕ್ಕಳೆಲ್ಲ ಬೆಂಗಳೂರು, ಅಮೆರಿಕ ಸೇರಿ, ದೊಡ್ಡ ಮನೆಯಲ್ಲಿ ಒಂಟಿಯಾಗಿ ಉಳಿದ ಅಜ್ಜಿಯೂ ಬರುತ್ತಾರೆ. ಜೂನ್‌ನಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟ್ ಇಲ್ಲದಾಗ ಆಕ್ಸಿಜನ್ ಮೆಷಿನ್ ನಿಂತುಹೋಗುವ ಮನೆಯೂ ಬರುತ್ತದೆ. ತಲೆತಲಾಂತರದಿಂದ ಬಂದ ಜಮ್ಮಾ ಜಾಗದ ಪಾಲಿಗೆ ಅಣ್ಣತಮ್ಮಂದಿರು ಕೋರ್ಟಿನಲ್ಲಿರುವ ಕುಟುಂಬವೂ ಬರುತ್ತದೆ. ‘ನಾನು ಇವರಿಗೆಲ್ಲ ಭಾರ ಆದೆ’ ಅಂತ ದಿನಕ್ಕೆ ಹತ್ತು ಸಲ ಹೇಳುವ ಅತ್ತೆಯಂದಿರನ್ನು ನಾನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಅವರಿಗೆ ಯಾರೂ ಒತ್ತಾಯ ಮಾಡಬೇಕಾಗಿಲ್ಲ. ಅಂಥ ಒಂದು ದಾರಿ ಇದೆ ಅಂತ ಗೊತ್ತಾದರೆ ಸಾಕು, ಇನ್ನೂ ಯಾಕೆ ಇದ್ದೀನಿ ಅಂತ ತಮ್ಮನ್ನೇ ತಾವು ಕೇಳಿಕೊಳ್ಳುತ್ತಾರೆ.

ಇದಕ್ಕೆ ಎದುರಿನ ವಾದವನ್ನೂ ಹೇಳಬೇಕು. ಅದು ಗಟ್ಟಿ ಇದೆ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 1997ರಿಂದ ಸಾಯುವುದಕ್ಕೆ ಮದ್ದು ಬರೆದು ಕೊಡಬಹುದು ಅನ್ನುವ ಕಾನೂನು ಜಾರಿಯಲ್ಲಿದೆ. ಆರು ತಿಂಗಳಿಗಿಂತ ಹೆಚ್ಚು ಬದುಕುವುದಿಲ್ಲ ಅಂತ ಇಬ್ಬರು ಡಾಕ್ಟರು ಹೇಳಬೇಕು, ರೋಗಿ ಬಾಯಲ್ಲೂ ಬರವಣಿಗೆಯಲ್ಲೂ ಕೇಳಬೇಕು, ಮದ್ದನ್ನು ತಾನೇ ತೆಗೆದುಕೊಳ್ಳಬೇಕು. ಬಡವರನ್ನು ತಳ್ಳುತ್ತಾರೆ ಅನ್ನುವ ಭಯ ಅಲ್ಲಿ ಮೊದಲಿನಿಂದ ಇತ್ತು. ಆದರೆ ಅಲ್ಲಿ ಮದ್ದು ಕೇಳಿದವರಲ್ಲಿ ಓದಿದವರು, ಇನ್ಶೂರೆನ್ಸ್ ಇದ್ದವರೇ ಜಾಸ್ತಿ. ಹೆಚ್ಚಿನವರು ಆಗಲೇ ಪ್ಯಾಲಿಯೇಟಿವ್ ಆರೈಕೆಯಲ್ಲಿ ಇದ್ದವರು. ಮದ್ದು ಬರೆಸಿಕೊಂಡವರಲ್ಲಿ ಸುಮಾರು ಮೂರನೇ ಒಂದು ಭಾಗ ಅದನ್ನು ಮುಟ್ಟದೆಯೇ ತೀರಿಕೊಳ್ಳುತ್ತಾರೆ. ಬೇಕಾದರೆ ಇದೆ ಅನ್ನುವ ಧೈರ್ಯವೇ ಅವರಿಗೆ ಸಾಕಾಗುತ್ತದೆ. ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಯೋಚನೆಗೆ ಹಚ್ಚಿದ್ದು ಅವರು ಕೊಡುವ ಕಾರಣ. ನೋವು ಮೊದಲನೇ ಕಾರಣ ಅಲ್ಲ. ‘ನನ್ನ ಬದುಕು ನನ್ನ ಕೈಯಲ್ಲಿಲ್ಲ’, ‘ನನಗೆ ಖುಷಿ ಕೊಡುವ ಯಾವ ಕೆಲಸವೂ ಆಗುವುದಿಲ್ಲ’, ‘ಮಾನ ಹೋಯಿತು’, ಇವೇ ಮೊದಲು ಬರುತ್ತವೆ.

ನಿಮ್ಮ ಅಪ್ಪನದೂ ಅದೇ ಮಾತು ಅಲ್ವಾ? ಅವರಿಗೆ ಆ ಹೆಂಗಸಿನಂಥ ನೋವಿಲ್ಲ. ನನ್ನ ಮಾರ್ಫಿನ್ ಅವರ ಪ್ರಶ್ನೆಗೆ ಉತ್ತರ ಅಲ್ಲ. ಒಳ್ಳೇ ಆರೈಕೆ ಕೊಟ್ಟರೆ ಯಾರೂ ಸಾವು ಕೇಳುವುದಿಲ್ಲ ಅಂತ ನಮ್ಮ ಕ್ಷೇತ್ರದ ಕೆಲವರು ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಹೆಚ್ಚಿನವರು ಕೇಳುವುದಿಲ್ಲ. ಕೆಲವರು ಕೇಳುತ್ತಾರೆ. ಅವರಿಗೆ ‘ಬೇಡ’ ಅನ್ನುವ ಕಾನೂನು ಅವರ ಮೇಲೆ ಒಂದು ಭಾರ ಹಾಕುತ್ತದೆ. ಆ ಲೈನ್ ಮನೆಯ ಹೆಂಗಸನ್ನು ಕಾಪಾಡಲು ನಾವು ನಿಮ್ಮ ಅಪ್ಪನಿಂದ ಒಂದು ಬೆಲೆ ಕೇಳುತ್ತಿದ್ದೇವೆ. ಇದನ್ನು ಮುಚ್ಚಿಡಬಾರದು. ನನ್ನ ಅಭಿಪ್ರಾಯದಲ್ಲಿ ಇವತ್ತಿನ ಸ್ಥಿತಿಯಲ್ಲಿ ಆ ಬೆಲೆ ಕೇಳುವುದು ಸರಿ. ಆದರೆ ಇನ್ನು ಇಪ್ಪತ್ತು ವರ್ಷ ಮಾರ್ಫಿನ್ನೂ ಕೊಡದೆ, ಮನೆಗೆ ನರ್ಸನ್ನೂ ಕಳಿಸದೆ ಅದೇ ಬೆಲೆ ಕೇಳುತ್ತಾ ಕೂತರೆ ಆಗ ಅದು ಅನ್ಯಾಯ.

ಕೆನಡಾದ ಅನುಭವವೂ ನನ್ನ ಕಣ್ಣ ಮುಂದೆ ಇದೆ. 2016ರಲ್ಲಿ ಸಾವು ಹತ್ತಿರ ಇರುವವರಿಗೆ ಅಂತ ಶುರುವಾದ ದಯಾಮರಣ 2021ರಲ್ಲಿ ಸಾವು ಹತ್ತಿರ ಇಲ್ಲದವರಿಗೂ ವಿಸ್ತಾರವಾಯಿತು. ಬರೀ ಮಾನಸಿಕ ಕಾಯಿಲೆ ಇರುವವರಿಗೂ ಕೊಡುವ ವಿಚಾರವನ್ನು 2027ರ ಮಾರ್ಚ್‌ವರೆಗೆ ಮುಂದಕ್ಕೆ ಹಾಕಿದ್ದಾರೆ. ಒಂದು ಸಲ ಬಾಗಿಲು ತೆರೆದರೆ ನಿಲ್ಲುವುದೇ ಇಲ್ಲ ಅಂತ ಇದನ್ನು ತೋರಿಸಿ ಹೇಳುವವರಿದ್ದಾರೆ. ಒರೆಗಾನ್ ಮಾತ್ರ ಇಷ್ಟು ವರ್ಷವಾದರೂ ಆ ಆರು ತಿಂಗಳ ಗೆರೆಯನ್ನು ಹಾಗೇ ಉಳಿಸಿಕೊಂಡಿದೆ. ಹಾಗಾಗಿ ಜಾರಿ ಬೀಳುತ್ತೇವೆ ಅನ್ನುವ ಹೆದರಿಕೆಗಿಂತ, ಗೆರೆ ಕಾಯುವವರು ನಮ್ಮಲ್ಲಿ ಯಾರಿದ್ದಾರೆ ಅನ್ನುವುದನ್ನು ನಾನು ಕೇಳುತ್ತೇನೆ. 2018ರ ತೀರ್ಪನ್ನೇ ತೆಗೆದುಕೊಳ್ಳಿ. ಸಂಸತ್ತು ಕಾನೂನು ಮಾಡುವವರೆಗೆ ಇದು ನಡೆಯಲಿ ಅಂತ ಕೋರ್ಟ್ ಹೇಳಿತ್ತು. ಜನಪ್ರತಿನಿಧಿಗಳು ಕೂತು ಚರ್ಚೆ ಮಾಡಬೇಕಾದದ್ದನ್ನು ಕೋರ್ಟೇ ಮಾಡಬೇಕಾಯಿತು. ಇರುವ ಹಕ್ಕಿನ ಬಗ್ಗೆಯೂ ನಮ್ಮ ಜನಕ್ಕೆ ಗೊತ್ತಿಲ್ಲ. ಇವತ್ತಿಗೂ ಎಷ್ಟೋ ಕಡೆ ‘ಸಹಿ ಹಾಕಿ ಮನೆಗೆ ಕರ್ಕೊಂಡು ಹೋಗಿ’ ಅಂತಾರೆ. ಆಂಬುಲೆನ್ಸ್‌ನಲ್ಲಿ ಕುಶಾಲನಗರ ದಾಟುವುದರೊಳಗೆ ಉಸಿರು ನಿಲ್ಲುತ್ತದೆ. ಜೊತೆಗೆ ಒಂದು ನೋವಿನ ಮಾತ್ರೆಯನ್ನೂ ಕೊಟ್ಟಿರುವುದಿಲ್ಲ.

ಇನ್ನು ನಿಮ್ಮ ಅಪ್ಪ. ಇಲ್ಲಿ ಮಾಡುವುದಕ್ಕೆ ಬಹಳ ಇದೆ.

ಮೊದಲು, ಏನು ಸಾಕಾಗಿದೆ ಅಂತ ಅವರನ್ನೇ ಕೇಳಿ. ರಟ್ಟು ಮುಂದಿಟ್ಟು, ಅವಸರ ಮಾಡದೆ. ಒಬ್ಬರಿಗೆ ರಾತ್ರಿ ಉಸಿರು ಕಟ್ಟಿದ ಹಾಗಾಗುವುದು ಸಾಕಾಗಿರುತ್ತದೆ. ಒಬ್ಬರಿಗೆ ಮಗಳು ತನ್ನ ಮೈ ತೊಳೆಯುವುದು ಸಾಕಾಗಿರುತ್ತದೆ. ಒಬ್ಬರಿಗೆ ಜೊಲ್ಲು. ಇವಕ್ಕೆಲ್ಲ ಬೇರೆ ಬೇರೆ ಪರಿಹಾರ ಇದೆ. ಜೊಲ್ಲು ಕಡಿಮೆ ಮಾಡಲು ಔಷಧಿ ಇದೆ. ಮೈ ತೊಳೆಯಲು ದಿನಕ್ಕೆ ಒಂದು ಗಂಟೆ ಹೊರಗಿನ ಒಬ್ಬ ಗಂಡಾಳು ಬಂದರೆ ಎಷ್ಟೋ ಅಪ್ಪಂದಿರ ಮುಖ ಬದಲಾದದ್ದನ್ನು ನೋಡಿದ್ದೇನೆ. ಉಸಿರಿಗೆ ಮುಖಕ್ಕೆ ಹಾಕುವ ಬೈಪ್ಯಾಪ್ ಮೆಷಿನ್ ಇದೆ, ತೀರಾ ಸಣ್ಣ ಪ್ರಮಾಣದ ಮಾರ್ಫಿನ್ ಕೂಡ ಉಸಿರಾಟದ ಸಂಕಟವನ್ನು ತಗ್ಗಿಸುತ್ತದೆ. ಈ ಕಾಯಿಲೆಯವರಿಗೆ ಇರುವ ದೊಡ್ಡ ಹೆದರಿಕೆ ಅಂದರೆ ಉಸಿರುಗಟ್ಟಿ ಒದ್ದಾಡಿ ಸಾಯುತ್ತೇನೆ ಅನ್ನುವುದು. ಸರಿಯಾದ ಆರೈಕೆ ಇದ್ದರೆ ಹೆಚ್ಚಿನವರಿಗೆ ಹಾಗಾಗುವುದಿಲ್ಲ. ಕೊನೆಯಲ್ಲಿ ನಿದ್ದೆ ಜಾಸ್ತಿಯಾಗುತ್ತಾ ಹೋಗಿ, ಆ ನಿದ್ದೆಯಲ್ಲೇ ಹೋಗುತ್ತಾರೆ. ಇದನ್ನು ಅವರಿಗೆ ಯಾರಾದರೂ ಹೇಳಿದ್ದಾರಾ? ಹೇಳಿಲ್ಲ ಅಂದರೆ ನೀವು ಹೇಳಿ, ಅಥವಾ ನಾನು ಬಂದು ಹೇಳುತ್ತೇನೆ.

ಖಿನ್ನತೆ ಇದೆಯಾ ಅಂತಲೂ ನೋಡಿಸಿ. ಇಂಥ ಕಾಯಿಲೆಯಲ್ಲಿ ಬೇಸರ ಸಹಜ ಅಂತ ಎಲ್ಲರೂ ಬಿಟ್ಟುಬಿಡುತ್ತಾರೆ. ಹಾಗೆ ಬಿಡಬೇಡಿ, ಅದಕ್ಕೂ ಚಿಕಿತ್ಸೆ ಇದೆ. ನಿಮಗೂ ರಾತ್ರಿ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಎರಡು ವರ್ಷದಿಂದ ನೀವೊಬ್ಬರೇ ನೋಡಿಕೊಳ್ಳುತ್ತಿದ್ದೀರಿ ಅಂತ ಪತ್ರದಲ್ಲಿ ಎಲ್ಲೂ ಬರೆದಿಲ್ಲ, ಆದರೆ ನನಗೆ ಹಾಗೇ ಕಾಣುತ್ತದೆ.

ಆಮೇಲೆ ಲಿವಿಂಗ್ ವಿಲ್. ಇದನ್ನು ತಡ ಮಾಡಬೇಡಿ, ಆ ಎರಡು ಬೆರಳು ಆಡುತ್ತಿರುವಾಗಲೇ ಮಾಡಬೇಕು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನಿಯಮ ಸುಲಭ ಮಾಡಿದೆ. ಮೊದಲಿನ ಹಾಗೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬೇಕಾಗಿಲ್ಲ. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಸಹಿ ಮಾಡಲು ಆಗದವರದು ಹೇಗೆ ಪಡೆಯುವುದು ಅಂತ ನೋಟರಿಯನ್ನು ಮೊದಲೇ ಕೇಳಿ, ಮನೆಗೇ ಕರೆಸಿ. ಉಸಿರು ನಿಂತರೆ ಗಂಟಲಿಗೆ ತೂತು ಮಾಡಿ ವೆಂಟಿಲೇಟರ್ ಹಾಕಬೇಕೇ ಬೇಡವೇ, ಊಟಕ್ಕೆ ಹೊಟ್ಟೆಗೆ ಪೈಪು ಬೇಕೇ ಬೇಡವೇ, ತನಗೆ ಎಚ್ಚರ ತಪ್ಪಿದರೆ ಯಾರು ತೀರ್ಮಾನ ಹೇಳಬೇಕು, ಇವನ್ನೆಲ್ಲ ಅವರ ಮಾತಿನಲ್ಲೇ ಬರೆಸಿ. ಎಚ್ಚರ ಇರುವಾಗ ಅವರು ಬೇಡ ಅಂದ ಚಿಕಿತ್ಸೆಯನ್ನು ಯಾವ ಡಾಕ್ಟರೂ ಹೇರುವ ಹಾಗಿಲ್ಲ, ಆ ಹಕ್ಕು ಅವರಿಗೆ ಈಗಲೇ ಇದೆ. ಎಚ್ಚರ ತಪ್ಪಿದ ಮೇಲೆ ಆಸ್ಪತ್ರೆಯ ಮೂವರು ಡಾಕ್ಟರ ಒಂದು ಮಂಡಳಿ, ಹೊರಗಿನವರು ಇರುವ ಇನ್ನೊಂದು ಮಂಡಳಿ ನೋಡಿ ಒಪ್ಪಬೇಕು. ಆದಷ್ಟು 48 ಗಂಟೆಯೊಳಗೆ ಹೇಳಬೇಕು ಅಂತ ನಿಯಮ. ಎರಡನೇ ಮಂಡಳಿಗೆ ಜಿಲ್ಲಾ ಆರೋಗ್ಯಾಧಿಕಾರಿ ಒಬ್ಬ ಡಾಕ್ಟರನ್ನು ಹೆಸರಿಸಬೇಕು. ನೀವು ಹೋಗುವ ಆಸ್ಪತ್ರೆಯಲ್ಲಿ ಇದಕ್ಕೆ ವ್ಯವಸ್ಥೆ ಇದೆಯಾ ಅಂತ ಈಗಲೇ ವಿಚಾರಿಸಿ ಇಟ್ಟುಕೊಳ್ಳಿ, ಆ ದಿನ ಬಂದಾಗ ಅಲ್ಲ.

ಕಾಗದ ಮಾಡುವ ದಿನ ಅಣ್ಣನನ್ನು ಊರಿಗೆ ಕರೆಸಿ, ಅತ್ತೆಯನ್ನೂ ಕೂರಿಸಿಕೊಳ್ಳಿ. ಮಾತು ಅಪ್ಪನ ಎದುರೇ ಆಗಲಿ, ಪಕ್ಕದ ಕೋಣೆಯಲ್ಲಿ ಬೇಡ. ಅವರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ಕೊನೆಗೆ ಮನೆಯಲ್ಲೇ ಇರಬೇಕಾ, ಯಾವ ಕೋಣೆ, ಯಾರು ಹತ್ತಿರ ಇರಬೇಕು ಅಂತಲೂ ಕೇಳಿ. ತೀರ್ಥ ಯಾರ ಕೈಯಿಂದ ಬೇಕು ಅಂತಲೂ ಕೇಳಿ. ನಾವು ಅಮ್ಮನನ್ನು ಅದನ್ನು ಕೇಳಿರಲಿಲ್ಲ.